ದೀರ್ಘಾವಧಿ ಚಲಿಸುವ ಸರಾಸರಿ (ಬ್ಯಾಂಕ್ ಷೇರುಗಳು)

ದೀರ್ಘಾವಧಿ ಚಲಿಸುವ ಸರಾಸರಿಯು ಷೇರು ಬೆಲೆಯ ದಿಕ್ಕನ್ನು ಗುರುತಿಸಲು ತಾಂತ್ರಿಕ ವಿಶ್ಲೇಷಣೆಯಲ್ಲಿ ಬಳಸುವ ಸೂಚಕವಾಗಿದೆ. ಸಾಮಾನ್ಯವಾಗಿ ಹಿಂದಿನ 200 ವಹಿವಾಟು ದಿನಗಳ ಮುಕ್ತಾಯ ಬೆಲೆಗಳನ್ನು ಕೂಡಿಸಿ 200ರಿಂದ ಭಾಗಿಸಲಾಗುತ್ತದೆ. ಬೆಲೆಯು ಈ ರೇಖೆಗಿಂತ ಮೇಲಿದ್ದರೆ ಏರುಗತಿ, ಕೆಳಗಿದ್ದರೆ ಇಳಿಗತಿ ಎಂದು ಪರಿಗಣಿಸುತ್ತಾರೆ.

ಮಿತಿಗಳು

ಈ ಸರಾಸರಿಯು ಬೆಲೆಯನ್ನು ತಡವಾಗಿ ಹಿಂಬಾಲಿಸುತ್ತದೆ. 200 ದಿನ 100 ರೂಪಾಯಿಯಲ್ಲಿದ್ದ ಷೇರು ಒಂದೇ ದಿನ 80ಕ್ಕೆ ಕುಸಿದರೆ, ಸರಾಸರಿ 99.90ಕ್ಕೆ ಮಾತ್ರ ಇಳಿಯುತ್ತದೆ. ಆದ್ದರಿಂದ ಸಣ್ಣ ಬ್ಯಾಂಕಿನ ಸಾಲಗಳು ವಸೂಲಾಗದಿರುವುದನ್ನು ಇದು ಮುಂಚಿತವಾಗಿ ತಿಳಿಸಲಾರದು. ಅನುತ್ಪಾದಕ ಆಸ್ತಿ, ಬಂಡವಾಳ ಪರ್ಯಾಪ್ತತೆಯ ಅನುಪಾತ ಮುಂತಾದವನ್ನು ಹಣಕಾಸು ವರದಿಗಳಿಂದಲೇ ಅರಿಯಬೇಕು. ಬೋನಸ್ ಷೇರು ಅಥವಾ ಷೇರು ವಿಭಜನೆಯಾದಾಗ ಹಳೆಯ ಬೆಲೆಗಳನ್ನು ಹೊಂದಿಸದಿದ್ದರೆ ಸುಳ್ಳು ಕುಸಿತ ಕಾಣುತ್ತದೆ.

ಕರ್ನಾಟಕದಲ್ಲಿ ಅನ್ವಯ

1924ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ಬ್ಯಾಂಕಿನ ಷೇರುಗಳು ವಿನಿಮಯ ಕೇಂದ್ರಗಳಲ್ಲಿ ವಹಿವಾಟಾಗುವುದರಿಂದ ಅವಕ್ಕೆ ಈ ವಿಧಾನ ಅನ್ವಯಿಸುತ್ತದೆ. ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿಗೆ ಅನ್ವಯಿಸುತ್ತಿರಲಿಲ್ಲ. ಅದರ ಬಂಡವಾಳವನ್ನು ಕೇಂದ್ರ ಸರ್ಕಾರ ಶೇ. 50, ಪ್ರಾಯೋಜಕ ಬ್ಯಾಂಕ್ ಶೇ. 35 ಹಾಗೂ ರಾಜ್ಯ ಸರ್ಕಾರ ಶೇ. 15ರಂತೆ ಹೊಂದಿದ್ದವು, ಮಾರುಕಟ್ಟೆ ಬೆಲೆಯೇ ಇರಲಿಲ್ಲ. 2025ರ ಮೇ 1ರಂದು ಅದು ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಯಿತು.