ಹುಳಿ ದ್ರಾಕ್ಷಿಯ ವಂಶಾವಳಿ

ತಾಂಡವಪುರದ ನಾವು ರಸಬಾಳೆಯ ಸೀಮೆಯವರು. ಹಣ್ಣೆಂದರೆ ನಂಜನಗೂಡಿನದು ಎಂಬ ಜಂಬ ನಮ್ಮದು. ಬೆಂಗಳೂರಿನ ಕಡೆಯಿಂದ ಬರುವ ಕಪ್ಪು ದ್ರಾಕ್ಷಿಗೆ ನಮ್ಮ ಮನೆಗಳಲ್ಲಿ ಮರ್ಯಾದೆ ಸಿಕ್ಕಿದ್ದು ಕಡಿಮೆ. ದಪ್ಪ ಸಿಪ್ಪೆ, ಬೀಜ, ಹುಳಿ. ಅಗ್ಗವೆಂದು ಕೊಂಡು, ಸಕ್ಕರೆ ಸುರಿದು ಶರಬತ್ತು ಮಾಡುತ್ತಿದ್ದೆವು, ಅಷ್ಟೇ.

ಈ ‘ಬೆಂಗಳೂರು ನೀಲಿ’ಯ ಕುಲ ಕೆದಕಿದರೆ ಸೋಜಿಗವಾಗುತ್ತದೆ. ಇದು ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿರುವ ‘ಇಸಬೆಲ್ಲಾ’ ಎಂಬ ತಳಿಯ ಬಳಗದ್ದು. ಅದರ ಗಾಢ ಪರಿಮಳವನ್ನು ಇಂಗ್ಲಿಷಿನವರು ನರಿಯ ವಾಸನೆ ಎಂದು ಹಳಿದರು! ನರಿಯನ್ನು ಯಾರು ಮೂಸಿ ನೋಡಿದ್ದರೋ ಕಾಣೆ.

1860ರ ದಶಕದಿಂದ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಫಿಲಾಕ್ಸೆರಾ ಎಂಬ ಕೀಟ ಬೇರುಸಹಿತ ತಿಂದುಹಾಕಿತು. ನಮ್ಮ ರಸಬಾಳೆಯನ್ನು ಸೊರಗುರೋಗ ಹಿಡಿದಂತೆಯೇ ಅನ್ನಿ. ಆಗ ದಕ್ಷಿಣದ ಸೆವೆನ್ ಬೆಟ್ಟಗಳ ಬಡ ರೈತರು ಇಸಬೆಲ್ಲಾದಂಥ ಗಟ್ಟಿ ಬಳ್ಳಿಗಳನ್ನು ನೆಚ್ಚಿಕೊಂಡರು. ಔಷಧಿಯ ಖರ್ಚು ಕಡಿಮೆ, ಮನೆಮಂದಿಗೆ ಸಾಕಾಗುವಷ್ಟು ವೈನು. ಬೋರ್ಡೋ, ಷಾಂಪೇನಿನಂತೆ ಲೋಕ ಕೇಳಿದ ಹೆಸರಲ್ಲ ಅದು. ಆದರೆ 1934ರ ಕೊನೆಯಲ್ಲಿ ಸರ್ಕಾರ ಇಸಬೆಲ್ಲಾ ಸೇರಿ ಆರು ತಳಿಗಳನ್ನು ನಿಷೇಧಿಸಿತು. ಆರೋಗ್ಯಕ್ಕೆ ಕೆಟ್ಟದ್ದೆಂಬ ಮಾತೂ ಹಬ್ಬಿತು. ದೇಶದಲ್ಲಿ ವೈನು ಮಿತಿಮೀರಿ ಮಾರಾಟವಾಗದೆ ಬಿದ್ದಿತ್ತೆಂಬುದೇ ನಿಜವಾದ ಕಾರಣವೆಂದು ನನಗೆ ತೋರುತ್ತದೆ. ಬೆಟ್ಟದವರು ಬಳ್ಳಿ ಕೀಳಲಿಲ್ಲ. ಹಿತ್ತಲಲ್ಲಿ, ಚಪ್ಪರದ ಮೇಲೆ ಉಳಿಸಿಕೊಂಡರು.

ಇಲ್ಲಿ ನಡೆದದ್ದು ತದ್ವಿರುದ್ಧ. ಬೆಂಗಳೂರು, ಚಿಕ್ಕಬಳ್ಳಾಪುರದ ಚಪ್ಪರಗಳಲ್ಲಿ ಅದೇ ಬಳಗ ಯಾರ ಅಡ್ಡಿಯೂ ಇಲ್ಲದೆ ಬೆಳೆಯಿತು. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಅವರು ಫ್ರೆಂಚ್ ತಳಿಗಳನ್ನು ನೆಡಿಸಿ, ಷಾಂಪೇನಿನ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು ವೈನು ಮಾಡಿದಾಗ ಪತ್ರಿಕೆಗಳು ಅದನ್ನು ಹೊಗಳಿದವು. ನೀಲಿ ಮಾತ್ರ ಅಗ್ಗದ ಸಿಹಿ ವೈನಿಗೂ ರಸದ ಅಂಗಡಿಗೂ ಹೋಗುತ್ತಲೇ ಇತ್ತು.

ಮೈಸೂರಿನ ಕ್ರೈಸ್ತ ಗೆಳತಿಯರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಇದೇ ಹಣ್ಣು. ಭರಣಿಯಲ್ಲಿ ಕಿವುಚಿದ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ. ಬಾಯಿಗೆ ಬಟ್ಟೆ ಕಟ್ಟಿ ವಾರಗಟ್ಟಲೆ ಇಡುತ್ತಾರೆ. ಒಮ್ಮೆ ಪುಟ್ಟ ಲೋಟದಲ್ಲಿ ಕೊಟ್ಟರು. ಒಂದು ಗುಟುಕು ಕುಡಿದೆ. ‘ನರಿ’ಯ ಸುಳಿವಿಲ್ಲ, ಮಾಗಿದ ಹಣ್ಣಿನ ಘಮ ಮೂಗಿಗೇ ಬಂತು. ದುಬಾರಿ ಸೀಸೆಯದನ್ನೂ ಆಮೇಲೆ ರುಚಿ ನೋಡಿದ್ದೇನೆ. ಅದು ನನಗೆ ಬರಿಯ ಒಗರು.

ನಮ್ಮ ರಸಬಾಳೆಗೆ ಸಿಕ್ಕಂತೆ 2013ರಲ್ಲಿ ಬೆಂಗಳೂರು ನೀಲಿಗೂ ಭೌಗೋಳಿಕ ಗುರುತು ಸಿಕ್ಕಿತು. ಗಾಡಿಯವನಿಗೆ ಅದು ಇಂದಿಗೂ ‘ಜ್ಯೂಸ್ ದ್ರಾಕ್ಷಿ’.