ಹೊಲದ ಗುಡಿಸಲಿನ ಶಾಖರೋಧ

ಬೆಳೆ ಕಾಯಲು, ಪಂಪ್‌ಸೆಟ್ ಬಳಿ ರಾತ್ರಿ ತಂಗಲು ಹಾಸನ ಜಿಲ್ಲೆಯ ರೈತರು ಹಾಕುವ ಕಿರು ಗುಡಿಸಲನ್ನು ಬಿಸಿಲು, ಚಳಿಗಳಿಂದ ಕಾಯುವ ಅಗ್ಗದ ವಿಧಾನಗಳು. ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಚಳಿ ಚುರುಕು.

ಹೊದಿಕೆ ಸುತ್ತಮುತ್ತಲ ಬೆಳೆಯಿಂದಲೇ ಸಿಗುತ್ತದೆ: ಚನ್ನರಾಯಪಟ್ಟಣದ ಕಡೆ ತೆಂಗಿನ ಗರಿ, ಹೇಮಾವತಿ ನೀರುಣ್ಣುವ ಹೊಳೆನರಸೀಪುರದಲ್ಲಿ ಭತ್ತದ ಹುಲ್ಲು, ಕಬ್ಬಿನ ತರಗು. ಶಾಖವನ್ನು ತಡೆಯುವುದು ಹುಲ್ಲಿನ ಎಳೆಗಳ ನಡುವೆ ಸಿಕ್ಕಿ ನಿಂತ ಗಾಳಿ. ಆದ್ದರಿಂದ ಒಂದು ಗೇಣು ದಪ್ಪ, ಸುಮಾರು 45 ಡಿಗ್ರಿ ಇಳಿಜಾರು ಇರಬೇಕು. ಇಳಿಜಾರು ಕಡಿಮೆಯಾದರೆ ನೀರು ಒಳಗಿಳಿದು ಹುಲ್ಲು ಕೊಳೆಯುತ್ತದೆ.

ಈಗ ತಗಡಿನ ಶೀಟೇ ಹೆಚ್ಚು. ಅದು ಬಾಳಿಕೆ ಬರುತ್ತದೆ, ಆದರೆ ಮಧ್ಯಾಹ್ನ ಕಾಯುತ್ತದೆ. ರಾತ್ರಿ ತಣ್ಣಗಾದಾಗ ಉಸಿರಿನ ತೇವ ಅದರ ಒಳಮೈಯಲ್ಲಿ ಹನಿಗಟ್ಟುತ್ತದೆ. ಕಡಿಮೆ ಹಣದಲ್ಲಿ ಅತ್ಯುತ್ತಮ ಉಪಾಯ ಎರಡನ್ನೂ ಕೂಡಿಸುವುದು: ಶೀಟಿನ ಮೇಲೆ ಗರಿ ಹೊದಿಸಿ, ಕೆಳಗೆ ಅಂಗೈ ಅಗಲದ ಗಾಳಿಸಂದು ಬಿಟ್ಟು ಬಿದಿರ ತಟ್ಟಿ ಕಟ್ಟುವುದು. ಗರಿ ಹೊದಿಸಿದಲ್ಲಿ ಮೇಲ್ಮೈಗೆ ಸುಣ್ಣ ಬಳಿಯುವುದು ಬೇಡ. ಬರಿ ತಗಡಿಗೆ ಮಾತ್ರ ಅದು ಬೇಕು. ಥರ್ಮಾಕೋಲ್ ಅಗ್ಗವಾದರೂ ಬೆಂಕಿ ತಗುಲಿದರೆ ವಿಷಹೊಗೆ ಕಾರುತ್ತದೆ. ಮಲಗುವ ಜಾಗಕ್ಕೆ ಸಲ್ಲದು. ಹಳೆಯ ಕಲ್ನಾರು ಶೀಟನ್ನು ಕೊರೆಯಲೂ ಬಾರದು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ.

ಗೋಡೆಗೆ ತಡಿಕೆ ಹೆಣೆದು ಎರಡೂ ಬದಿ ಮಣ್ಣು, ಸಗಣಿ ಮೆತ್ತುತ್ತಾರೆ. ದಪ್ಪ ಗೋಡೆಯ ಲಾಭಕ್ಕೆ ಉದಾಹರಣೆ: ಅರಕಲಗೂಡಿನಲ್ಲಿ ತಂಬಾಕು ಹದಗೊಳಿಸುವ ಬ್ಯಾರನ್‌ಗಳ ದಪ್ಪ ಗೋಡೆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಗುಡಿಸಲೊಳಗೆ ಕೆಂಡವಿಟ್ಟು ಬಾಗಿಲು ಮುಚ್ಚಿ ಮಲಗುವುದು ಪ್ರಾಣಾಪಾಯ: ಇಂಗಾಲದ ಮೋನಾಕ್ಸೈಡಿಗೆ ವಾಸನೆಯಿಲ್ಲ. ಸೂರಿನ ಕೆಳಗೆ ಗಾಳಿಕಿಂಡಿ ತೆರೆದೇ ಇರಬೇಕು.