ಸೈಟಿಗೆ ಇಸಿ ಇದೆ, ಡೊಮೇನಿಗೆ ಏನಿದೆ?

1/5 📍ಮಹದೇವಪುರ

ನಮ್ಮ ಕಡೆ ‘ಸೈಟ್’ ಅಂದ್ರೆ ಎರಡು ಅರ್ಥ. ಅಪ್ಪ-ಅಮ್ಮ ಹೇಳಿದ್ರೆ 30×40 ಜಾಗ, ನೀವು ಹೇಳಿದ್ರೆ ವೆಬ್‌ಸೈಟ್. ಜಾಗ ಕೊಳ್ಳೋ ಮುಂಚೆ ಮನೆಯವರು ಮದರ್ ಡೀಡ್ ಕೇಳ್ತಾರೆ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ ತೆಗೆಸ್ತಾರೆ, ಅಂದ್ರೆ ಆ ಜಾಗದ ಮೇಲೆ ಆಗಿರೋ ಮಾರಾಟ, ಸಾಲದ ಪಟ್ಟಿ. ಹಳೇ ಗ್ರಾಮನಕ್ಷೆನೂ ನೋಡ್ತಾರೆ. ಯಾಕೆ ಅಂತ 2022ರ ಮಳೆ ಹೇಳಿಕೊಟ್ಟಿದೆ. ಆ ಸೆಪ್ಟೆಂಬರ್‌ನಲ್ಲಿ ಪ್ರವಾಹದ ನಂತರ ಬಿಬಿಎಂಪಿ ಮಹದೇವಪುರ ವಲಯದಲ್ಲಿ ರಾಜಕಾಲುವೆ ಒತ್ತುವರಿ ತೆರವಿಗೆ ಜೆಸಿಬಿ ತಂತು. ಕಟ್ಟಡ ಹೊಸದಿರಬಹುದು, ನಕ್ಷೆಯಲ್ಲಿರೋ ಕಾಲುವೆ ಹಳೇದು.

ಅವಧಿ ಮುಗಿದ ಡೊಮೇನ್ ಕೂಡ ಹೀಗೇ. ನಿಮಗೆ ಹೊಸದು, ಇಂಟರ್ನೆಟ್ಟಿಗೆ ಹಳೇದು. ಆದ್ರೆ ಇದಕ್ಕೆ ಇಸಿ ಕೊಡೋ ಕಚೇರಿ ಯಾವುದೂ ಇಲ್ಲ. ನೀವೇ ಬರೆದುಕೊಳ್ಳಬೇಕು.

2/5 ಅವಧಿ ಮುಗಿಯೋದು ಶುರುವಾದದ್ದು ಯಾವಾಗ?

ಮೊದಲ ಡಾಟ್ ಕಾಮ್ ಹೆಸರು ‘ಸಿಂಬಾಲಿಕ್ಸ್’ ನೋಂದಣಿಯಾದದ್ದು 1985ರ ಮಾರ್ಚ್ 15ರಂದು. ಆಗ ಫೀಸ್ ಇರಲಿಲ್ಲ. 1995ರ ಸೆಪ್ಟೆಂಬರ್‌ನಿಂದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ಎರಡು ವರ್ಷಕ್ಕೆ 100 ಡಾಲರ್ ವಸೂಲಿ ಶುರುಮಾಡ್ತು. ಅಲ್ಲಿಂದ ಹೆಸರು ಬಾಡಿಗೆ ಮನೆ ಥರ ಆಯ್ತು. ಕಟ್ಟದಿದ್ರೆ ಖಾಲಿ ಮಾಡಬೇಕು.

ದೊಡ್ಡವರೂ ಮರೆತಿದ್ದಾರೆ. ಬೆಂಗಳೂರಲ್ಲಿ ಓದಿದ ಸಬೀರ್ ಭಾಟಿಯಾ ಸಹ-ಸ್ಥಾಪಕರಾಗಿದ್ದ ಹಾಟ್‌ಮೇಲ್ ಅಷ್ಟೊತ್ತಿಗೆ ಮೈಕ್ರೋಸಾಫ್ಟ್ ಕೈಯಲ್ಲಿತ್ತು. 1999ರ ಡಿಸೆಂಬರ್‌ನಲ್ಲಿ ಲಾಗಿನ್‌ಗೆ ಬೇಕಾದ ‘ಪಾಸ್‌ಪೋರ್ಟ್ ಡಾಟ್ ಕಾಮ್’ ಹೆಸರಿಗೆ ಕಂಪನಿ ದುಡ್ಡು ಕಟ್ಟಿರಲಿಲ್ಲ. ಬಳಕೆದಾರರು ಒಳಗೆ ಹೋಗೋಕಾಗದೆ ಪರದಾಡಿದ್ರು. ಮೈಕೆಲ್ ಚೇನಿ ಅನ್ನೋ ಪ್ರೋಗ್ರಾಮರ್ ತನ್ನ ಕಾರ್ಡಿಂದ 35 ಡಾಲರ್ ಕಟ್ಟಿದ.

3/5 ಹೆಸರಿನ ಜಗಳ ಕೋರ್ಟ್ ಹತ್ತಿದ್ದು ನಮ್ಮಲ್ಲೇ

ಸತ್ಯಂ ಇನ್ಫೋವೇ ಕಂಪನಿ 1999ರಿಂದ ‘ಸಿಫಿ’ ಹೆಸರಿನ ಡೊಮೇನ್‌ಗಳನ್ನ ಇಟ್ಕೊಂಡಿತ್ತು. ಸಿಫಿನೆಟ್ ಸೊಲ್ಯೂಷನ್ಸ್ ಅನ್ನೋ ಇನ್ನೊಂದು ಕಂಪನಿ ಒಂದು ‘ಎಫ್’ ಜಾಸ್ತಿ ಹಾಕಿ ಡೊಮೇನ್ ತಗೊಂಡಿತು. ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದಕ್ಕೆ ಒಪ್ಪಲಿಲ್ಲ. 2004ರ ಮೇ 6ರಂದು ಸುಪ್ರೀಂ ಕೋರ್ಟ್ ಸಿವಿಲ್ ಕೋರ್ಟಿನ ಆದೇಶವನ್ನೇ ಉಳಿಸಿತು. ಡೊಮೇನ್ ಅಂದ್ರೆ ಬರೀ ವಿಳಾಸ ಅಲ್ಲ, ವ್ಯಾಪಾರದ ಹೆಸರೂ ಹೌದು, ಹಾಗಾಗಿ ಟ್ರೇಡ್‌ಮಾರ್ಕ್ ಕಾನೂನಿನ ರಕ್ಷಣೆ ಇದೆ ಅನ್ನೋದು ತೀರ್ಪಿನ ಸಾರ.

ಇದರಿಂದ ನಿಮಗೇನು? ಡೊಮೇನಿನ ಅವಧಿ ಮುಗಿದ ಮಾತ್ರಕ್ಕೆ ಆ ಹೆಸರಿನ ಟ್ರೇಡ್‌ಮಾರ್ಕ್ ಹೋಗಲ್ಲ. ಟ್ರೇಡ್‌ಮಾರ್ಕ್ ಇಲಾಖೆಯ ಸಾರ್ವಜನಿಕ ಹುಡುಕಾಟದಲ್ಲಿ ಮೊದಲು ನೋಡಿ.

4/5 ಇಸಿ ಬರೆಯೋದು ಹೇಗೆ?

✅ ವೇಬ್ಯಾಕ್ ಮಷೀನ್. ಇಂಟರ್ನೆಟ್ ಆರ್ಕೈವ್ 1996ರಿಂದ ಪುಟಗಳ ನಕಲು ಕೂಡಿಡ್ತಿದೆ. ಕೊನೇ ಪುಟ ಒಂದೇ ಅಲ್ಲ, ಪ್ರತಿ ವರ್ಷದ್ದೂ ತೆಗೀರಿ. ಒಂದು ವರ್ಷ ಶಾಲೆ, ಇನ್ನೊಂದು ವರ್ಷ ಬೆಟ್ಟಿಂಗ್ ಕಂಡ್ರೆ ಮಧ್ಯೆ ಕೈ ಬದಲಾಗಿದೆ. ಏನೂ ಸಿಗದಿದ್ರೆ ‘ಶುದ್ಧ’ ಅಂತ ಅಂದ್ಕೋಬೇಡಿ.

✅ ನೋಂದಣಿ ದಾಖಲೆ. ಮೊದಲು ಹೂಈಸ್, ಈಗ ಆರ್‌ಡಿಎಪಿ. ಹೆಸರು ಅಳಿಸಿಹೋಗಿ ಮತ್ತೆ ನೋಂದಣಿಯಾದ್ರೆ ಹುಟ್ಟಿದ ದಿನಾಂಕ ಹೊಸದಾಗುತ್ತೆ. ದಾಖಲೆ 2023 ಅನ್ನುತ್ತೆ, ಆರ್ಕೈವ್‌ನಲ್ಲಿ 2009ರ ಪುಟ ಇದೆ ಅಂದ್ರೆ ಹಿಂದೆ ಒಬ್ಬರು ಬಿಟ್ಟುಹೋಗಿದ್ದಾರೆ.

✅ ಕಪ್ಪುಪಟ್ಟಿ. ಸ್ಪ್ಯಾಮ್‌ಹೌಸ್, ಗೂಗಲ್ ಸೇಫ್ ಬ್ರೌಸಿಂಗ್ ಎರಡರಲ್ಲೂ ಹೆಸರು ಹಾಕಿ ನೋಡಿ. ಸ್ಪ್ಯಾಮ್ ಪಟ್ಟಿಯಲ್ಲಿದ್ರೆ ನೀವು ಕಳಿಸೋ ಇಂಟರ್ನ್‌ಶಿಪ್ ಅರ್ಜಿಯೂ ಸ್ಪ್ಯಾಮ್ ಫೋಲ್ಡರಿಗೆ ಹೋಗಬಹುದು.

✅ ಗೂಗಲ್ ದಂಡ. ಇದು ಸರ್ಚ್ ಕನ್ಸೋಲ್‌ನಲ್ಲಿ ಮಾಲೀಕರಿಗೆ ಮಾತ್ರ ಕಾಣುತ್ತೆ, ಕೊಂಡ ಮೇಲೆ ನಿಮಗೆ ಗೊತ್ತಾಗೋದು! ಹಾಗಾಗಿ ಮಾರೋರಿದ್ರೆ ಸ್ಕ್ರೀನ್‌ಶಾಟ್ ಕೇಳಿ. ಹಳೇ ಹೆಸರಿನ ಮರ್ಯಾದೆ ಮೇಲೆ ಕಳಪೆ ಪುಟ ತುಂಬಿದ್ರೆ ಸ್ಪ್ಯಾಮ್ ಅಂತ ಗೂಗಲ್ 2024ರ ಮಾರ್ಚ್‌ನಲ್ಲೇ ಘೋಷಿಸಿದೆ. ರ‍್ಯಾಂಕ್ ಆಸೆಗೆ ಹಳೇ ಹೆಸರು ಹುಡುಕೋರು ಗಮನಿಸಿ.

5/5 ಬಿಡೋರಿಗೂ ಒಂದು ಮಾತು

ಡೊಮೇನ್ ಕೈ ಬದಲಾದ್ರೆ ಅದರ ಇಮೇಲೂ ಕೈ ಬದಲಾಗುತ್ತೆ. ಹೊಸ ಮಾಲೀಕ ಮೇಲ್‌ಬಾಕ್ಸ್ ತೆರೆದ್ರೆ ಹಳೇಬರ ಪಾಸ್‌ವರ್ಡ್ ರೀಸೆಟ್ ಕೊಂಡಿಗಳೂ ಅವನಿಗೇ ಬರಬಹುದು. ಐಟಿಪಿಎಲ್ ರಸ್ತೆಯಲ್ಲಿ ಬಾಗಿಲು ಹಾಕೋ ಸ್ಟಾರ್ಟಪ್ ಇರಲಿ, ನಿಮ್ಮ ಕಾಲೇಜ್ ಫೆಸ್ಟ್ ಇರಲಿ, ಹೆಸರು ಬಿಡೋ ಮುಂಚೆ ಆ ಇಮೇಲಿಗೆ ಕಟ್ಟಿದ ಖಾತೆಗಳನ್ನೆಲ್ಲ ಮುಚ್ಚಿ ಅಥವಾ ಬೇರೆ ವಿಳಾಸಕ್ಕೆ ಬದಲಿಸಿ. ಪೋಸ್ಟರ್ ಮೇಲಿನ ಕ್ಯೂಆರ್ ಕೋಡ್ ಮುಂದಿನ ವರ್ಷ ಎಲ್ಲಿಗೆ ಕರ್ಕೊಂಡ್ ಹೋಗುತ್ತೆ ಅಂತಾನೂ ಯೋಚಿಸಿ.

ಕೊಳ್ಳೋ ಯೋಚನೆ ಇರೋ ಗೆಳೆಯರಿಗೆ ಕಳಿಸಿ. ದುಡ್ಡು ಕಟ್ಟೋ ಮುಂಚೆ ಅರ್ಧ ಗಂಟೆ ಕೂತು ನೋಡಿದ್ರೆ ಸಾಕು 🙏

#ಇಂಟರ್ನೆಟ್‌ಚರಿತ್ರೆ #ಮಹದೇವಪುರ #ಡೊಮೇನ್ #ಕನ್ನಡದಲ್ಲಿಟೆಕ್